ನೀರು ನಿಲ್ಲಿಸಬೇಕಾ, ಬಸಿಯಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಲಬುರಗಿಯಲ್ಲಿ ಪರಿಸರ ವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಊರು ಸುರಪುರ ತಾಲ್ಲೂಕಿನಲ್ಲಿದೆ. ಕಾಲುವೆ ಕೆಳಗೆ ನಮ್ಮದು ಆರು ಎಕರೆ ಎರೆ ಹೊಲ. ಅಜ್ಜನ ಕಾಲದಲ್ಲಿ ಜೋಳ, ಕುಸುಬೆ, ಹತ್ತಿ ಬೆಳೆಯುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಭತ್ತ ಹಚ್ಚಿದರು. ಈಗ ತಗ್ಗಿನ ಮೂರು ಎಕರೆ ಪೂರ್ತಿ ಸವಳು-ಜವಳು ಆಗಿದೆ. ಬೇಸಿಗೆಯಲ್ಲಿ ಬಿಳಿ ಉಪ್ಪು, ಮಳೆಗಾಲದಲ್ಲಿ ಆಪು ಹುಲ್ಲು. ಪಾಠದಲ್ಲಿ ಪೀಟ್ ಭೂಮಿ ಬಗ್ಗೆ ಓದಿದೆ. ಒಣಗಿ ಹಾಳಾದ ಪೀಟ್ ನೆಲಕ್ಕೆ ಮತ್ತೆ ನೀರು ತುಂಬಿಸಿ ಸರಿ ಮಾಡುತ್ತಾರೆ, ಕೆಲವು ಕಡೆ ಅಲ್ಲೇ ಜೊಂಡು ಬೆಳೆದು ಆದಾಯವನ್ನೂ ಪಡೆಯುತ್ತಾರೆ ಅಂತ ಇದೆ. ನಮ್ಮ ಹೊಲವನ್ನೂ ಹಾಗೇ ನೀರಿಗೆ ಬಿಟ್ಟರೆ ಪರಿಸರಕ್ಕೆ ಒಳ್ಳೇದಲ್ವಾ? ಅಪ್ಪ ಗರಸು ಹೊಡೆಸಿ ಎತ್ತರ ಮಾಡೋಣ ಅಂತಾರೆ. ಕಾಕಾ ಸೋಲಾರ್‌ಗೆ ಲೀಸ್ ಕೊಡೋಣ ಅಂತಾರೆ. ಯಾವುದು ಸರಿ?

ಉತ್ತರ: ತಂಗಿ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೊಲವನ್ನು ನೀರಿಗೆ ಬಿಡಬೇಡಿ. ಪೀಟ್ ನೆಲಕ್ಕೆ ನೀರು ಮದ್ದು. ನಿಮ್ಮ ನೆಲಕ್ಕೆ ಅದೇ ನೀರು ರೋಗ. ಆದರೆ ನಿಮ್ಮ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಪೀಟ್ ನೆಲ ಸರಿ ಮಾಡುವವರು ಯಾವ ಮದ್ದು ಕೊಡುತ್ತಾರೆ ಅನ್ನುವುದಕ್ಕಿಂತ, ಮದ್ದನ್ನು ಹೇಗೆ ಆರಿಸುತ್ತಾರೆ ಅನ್ನುವುದರಲ್ಲಿ ನಮಗೆ ಕಲಿಯುವುದು ಬಹಳ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಪೀಟ್ ಅಂದರೆ ಏನು ಅಂತ ನಿಮಗೆ ಗೊತ್ತು. ಓದುವ ಉಳಿದವರಿಗಾಗಿ ಹೇಳುತ್ತೇನೆ. ನರ್ಸರಿಯಲ್ಲಿ ಸಿಗುವ ಕೊಕೊಪೀಟ್ ಪೀಟ್ ಅಲ್ಲ, ಅದು ತೆಂಗಿನ ನಾರಿನ ಪುಡಿ. ನಿಜವಾದ ಪೀಟ್ ಎಂದರೆ ಸಾವಿರಾರು ವರ್ಷ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಉಳಿದ ಗಿಡ, ಬೇರು, ಪಾಚಿಗಳ ಮಣ್ಣು. ನಮ್ಮ ಕಡೆಯ ಹಗೇವು ನೆನಪು ಮಾಡಿಕೊಳ್ಳಿ. ನೆಲದೊಳಗೆ ಗುಂಡಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಯಾಕೆ? ಒಳಗೆ ಗಾಳಿ ಇಲ್ಲ. ಗಾಳಿ ಇಲ್ಲದಲ್ಲಿ ಹುಳವೂ ಬಾಳಲ್ಲ, ಬೂಸ್ಟೂ ಬರಲ್ಲ. ಪೀಟ್ ನೆಲವೂ ಒಂದು ದೊಡ್ಡ ಹಗೇವು. ಅಲ್ಲಿ ಬಾಯಿ ಮುಚ್ಚಿರುವುದು ಮಣ್ಣಲ್ಲ, ನೀರು. ನೀರು ಇರುವ ತನಕ ಗಾಳಿ ಒಳಗೆ ಹೋಗಲ್ಲ. ಸತ್ತ ಗಿಡ ಕೊಳೆಯಲ್ಲ. ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಪದರ ಏರುತ್ತಾ ಹೋಗುತ್ತದೆ. ಅಂದರೆ ಒಂದು ಮೀಟರ್ ಪೀಟ್ ಆಗಲು ಹೆಚ್ಚುಕಡಿಮೆ ಸಾವಿರ ವರ್ಷ ಬೇಕು.

ಜಗತ್ತಿನ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ 3 ಭಾಗ ಮಾತ್ರ. ಆದರೆ ಎಲ್ಲಾ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಈ ಹಗೇವಿನೊಳಗೆ ಕೂತಿದೆ.

ಈಗ ಯಾರೋ ಬಂದು ಈ ನೆಲಕ್ಕೆ ಕಾಲುವೆ ತೋಡಿ ನೀರು ಬಸಿದರು ಅಂತಿಟ್ಟುಕೊಳ್ಳಿ. ಹಗೇವಿನ ಬಾಯಿ ತೆರೆದ ಹಾಗಾಯಿತು. ಸಾವಿರಾರು ವರ್ಷ ಉಳಿದದ್ದು ಕೊಳೆಯಲು ಶುರುವಾಗುತ್ತದೆ. ಇಂಗಾಲ ಗಾಳಿಗೆ ಹೋಗುತ್ತದೆ, ನೆಲ ಕುಸಿಯುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1851ರ ಹೊತ್ತಿಗೆ ಒಂದು ದೊಡ್ಡ ಸರೋವರದ ನೀರು ಬಸಿದರು. ನೆಲ ಎಷ್ಟು ಕುಸಿಯುತ್ತದೆ ನೋಡೋಣ ಅಂತ ಪೀಟಿನೊಳಗೆ ಒಂದು ಕಬ್ಬಿಣದ ಕಂಬ ಇಳಿಸಿದರು. ಆಗ ಕಂಬದ ತಲೆ ನೆಲಮಟ್ಟಕ್ಕೆ ಇತ್ತು. ಈಗ ಅದೇ ಕಂಬ ನೆಲದ ಮೇಲೆ 4 ಮೀಟರ್ ಎತ್ತರ ನಿಂತಿದೆ. ಕಂಬ ಬೆಳೆದಿಲ್ಲ, ನೆಲ ಹೋಗಿದೆ. ಇಂಡೋನೇಷ್ಯಾದಂಥ ಬಿಸಿ ನಾಡಿನಲ್ಲಿ ಈ ಕುಸಿತ ಇನ್ನೂ ಜೋರು. ಬಸಿದ ಪೀಟ್ ಅಲ್ಲಿ ವರ್ಷಕ್ಕೆ 3ರಿಂದ 5 ಸೆಂಟಿಮೀಟರ್ ಇಳಿಯುತ್ತದೆ.

ಆ ಇಂಡೋನೇಷ್ಯಾದ ಕಥೆ ನಮ್ಮ ಭಾಗದವರು ಕಿವಿಗೊಟ್ಟು ಕೇಳಬೇಕಾದದ್ದು. 1995ರಲ್ಲಿ ಅಲ್ಲಿಯ ಸರ್ಕಾರ ಮಧ್ಯ ಕಾಲಿಮಂತಾನ್‌ನಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡಲು ಹೊರಟಿತು. 4,000 ಕಿ.ಮೀ.ಗಿಂತ ಜಾಸ್ತಿ ಕಾಲುವೆ ತೋಡಿದರು. ಭತ್ತ ಬರಲಿಲ್ಲ. ಆ ಮಣ್ಣು ಹುಳಿ, ಸಾರ ಕಡಿಮೆ. ಕಾಲುವೆ ಮಾತ್ರ ನೀರನ್ನು ಎಳೆದು ಹಾಕಿತು. 1997ರಲ್ಲಿ ಮಳೆ ಕೈಕೊಟ್ಟಿತು, ಒಣಗಿದ ಪೀಟಿಗೆ ಬೆಂಕಿ ಬಿತ್ತು. ಪೀಟ್ ಬೆಂಕಿ ನಮ್ಮ ಹುಲ್ಲಿನ ಬಣವೆ ಬೆಂಕಿಯಂತಲ್ಲ. ಅದು ನೆಲದೊಳಗೆ ಹೊಗೆಯಾಡುತ್ತಾ ವಾರಗಟ್ಟಲೆ ಹರಿಯುತ್ತದೆ. ಮೇಲೆ ನೀರು ಹೊಯ್ದರೆ ಆರಲ್ಲ. 2015ರಲ್ಲಿ ಮತ್ತೆ ಅಂಥದ್ದೇ ಬೆಂಕಿ. ಅದಾದ ಮೇಲೆ, 2016ರಲ್ಲಿ, ಪೀಟ್ ನೆಲ ಸರಿಪಡಿಸಲಿಕ್ಕೆ ಅಂತಲೇ ಅಲ್ಲಿ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. 20 ಲಕ್ಷ ಹೆಕ್ಟೇರ್ ಗುರಿ ಇಟ್ಟರು.

ಅವರು ಕೆಲಸಕ್ಕೆ ಇಟ್ಟುಕೊಂಡ ಕ್ರಮ ನೋಡಿ. ಮೊದಲು ನೀರು. ಆಮೇಲೆ ಗಿಡ. ಅದರ ಜೊತೆಗೇ ಅಲ್ಲಿಯ ಜನರ ಹೊಟ್ಟೆಪಾಡು. ಕಾಲುವೆಗಳಿಗೆ ಅಡ್ಡ ಒಡ್ಡು ಕಟ್ಟಿ ನೀರನ್ನು ಮೇಲೆ ತರಬೇಕು. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ದಂಡ. ಒಣ ಪೀಟಿನ ಮೇಲೆ ಸಾವಿರ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಮುಂದಿನ ಬೇಸಿಗೆಯಲ್ಲಿ ಆ ಸಸಿಯೂ ಸುಡುತ್ತದೆ, ಅದರ ಕೆಳಗಿನ ನೆಲವೂ ಸುಡುತ್ತದೆ.

ಇನ್ನು ಯಾವ ದಾರಿ ಹಿಡಿಯಬೇಕು ಅನ್ನುವ ಪ್ರಶ್ನೆ. ಎಲ್ಲಾ ಪೀಟ್ ನೆಲವನ್ನೂ ಮೊದಲಿನಂತೆ ಕಾಡು ಮಾಡಲಿಕ್ಕೆ ಆಗಲ್ಲ, ಮಾಡಬೇಕಾಗಿಯೂ ಇಲ್ಲ. ಎಷ್ಟು ಆಳ ಪೀಟ್ ಉಳಿದಿದೆ, ಅದರ ಕೆಳಗೆ ಎಂಥ ಮಣ್ಣಿದೆ, ನೀರನ್ನು ವರ್ಷವಿಡೀ ಮೇಲೆ ಹಿಡಿಯಲು ಆಗುತ್ತದಾ, ಅಲ್ಲಿ ಬದುಕುವವರು ಯಾರು, ಪಕ್ಕದ ನೆಲಕ್ಕೆ ಏನಾಗುತ್ತದೆ, ಇಷ್ಟನ್ನೂ ನೋಡಬೇಕು. ಜನ ಇಲ್ಲದ, ಆಳವಾದ ಪೀಟ್ ಇದ್ದರೆ ಪೂರ್ತಿ ನೀರು ಕೊಟ್ಟು ಸುಮ್ನೆ ಬಿಡುವುದೇ ಮೇಲು. ಕೆನಡಾದಲ್ಲಿ ಪೀಟ್ ಕೆತ್ತಿ ಮಾರಿದ ಜಾಗಕ್ಕೆ ಪಕ್ಕದ ಜೀವಂತ ಪಾಚಿಯನ್ನು ತೆಳುವಾಗಿ ಕತ್ತರಿಸಿ ತಂದು ಹರಡುತ್ತಾರೆ, ಮೇಲೆ ಒಣಹುಲ್ಲು ಹೊದಿಸುತ್ತಾರೆ, ಚರಂಡಿ ಮುಚ್ಚುತ್ತಾರೆ. ನಾವು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಪಾಚಿ ಮತ್ತೆ ಹಬ್ಬಲು ವರ್ಷಗಳು ಸಾಕು, ಆದರೆ ಹೊಸ ಪೀಟ್ ಕಟ್ಟಲು ತಲೆಮಾರುಗಳೇ ಬೇಕು.

ರೈತರು ಇದ್ದಲ್ಲಿ ನೀವು ಓದಿದ ದಾರಿ ಬರುತ್ತದೆ: ನೆಲವನ್ನು ಹಸಿಯಾಗಿಯೇ ಇಟ್ಟು ಬೆಳೆಯುವುದು. ಜರ್ಮನಿಯ ಮಾಲ್ಖಿನ್ ಊರಿನಲ್ಲಿ 2014ರಿಂದ ಜೌಗಿನ ಹುಲ್ಲನ್ನು ಉರಿಸಿ ಮನೆಗಳಿಗೆ ಬಿಸಿನೀರು, ಶಾಖ ಕೊಡುವ ಘಟಕ ನಡೆಯುತ್ತಿದೆ. ನಿಮ್ಮ ಹೊಲದಲ್ಲಿ ಕಾಟ ಕೊಡುವ ಅದೇ ಆಪಿನ ಜಾತಿಯ ಹುಲ್ಲಿನಿಂದ ಗೋಡೆಗೆ ಹಚ್ಚುವ ಹಲಗೆ ಮಾಡುತ್ತಾರೆ. ಇಂಡೋನೇಷ್ಯಾದಲ್ಲಿ ಸಾಗು ತಾಳೆ ನೀರಲ್ಲೇ ಬೆಳೆಯುತ್ತದೆ. ಪುರುನ್ ಎಂಬ ಜೌಗು ಹುಲ್ಲಿನಿಂದ ಹೆಣ್ಣುಮಕ್ಕಳು ಚಾಪೆ, ಬುಟ್ಟಿ ಹೆಣೆಯುತ್ತಾರೆ. ಇದರಲ್ಲಿ ಎಲ್ಲವೂ ಸಲೀಸಾಗಿ ದುಡ್ಡು ಕೊಡುತ್ತದೆ ಅಂತ ನಾನು ಹೇಳಲ್ಲ. ಕೊಳ್ಳುವವರು ಹತ್ತಿರ ಇದ್ದರೆ ಮಾತ್ರ ಈ ದಾರಿ ನಡೆಯುತ್ತದೆ. ಹುಲ್ಲು ಕತ್ತರಿಸಲು ಕೆಸರಲ್ಲಿ ಹೂತುಹೋಗದ ಯಂತ್ರವೂ ಬೇಕು.

ಪೂರ್ತಿ ಮುಳುಗಿಸಲು ಆಗದಿದ್ದರೆ ನೀರನ್ನು ಸ್ವಲ್ಪವಾದರೂ ಮೇಲೆ ತರುತ್ತಾರೆ. ಬಸಿದ ಪೀಟಿನಲ್ಲಿ ನೀರಿನ ಮಟ್ಟ 10 ಸೆಂಟಿಮೀಟರ್ ಮೇಲೆ ಬಂದರೂ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎಂದು ಅಳತೆಗಳು ಹೇಳುತ್ತವೆ. ಇಂಡೋನೇಷ್ಯಾದಲ್ಲಿ ಪೀಟ್ ಮೇಲಿನ ತೋಟಗಳಲ್ಲಿ ನೀರು ನೆಲಮಟ್ಟದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಹೋಗಬಾರದು ಅಂತ ನಿಯಮವೇ ಇದೆ. ನಿಮ್ಮ ಕಾಕಾ ಹೇಳಿದ ಸೋಲಾರ್ ಕೂಡ ಪೀಟ್ ನೆಲಕ್ಕೆ ಒಂದು ದಾರಿ. ಆದರೆ ಜರ್ಮನಿಯಲ್ಲಿ ಪೀಟ್ ನೆಲದ ಸೋಲಾರ್‌ಗೆ ಬೆಂಬಲ ಸಿಗುವುದು ನೀರು ಮತ್ತೆ ತುಂಬಿಸಿದರೆ ಮಾತ್ರ. ಪ್ಯಾನೆಲ್ ಕೂರಿಸುವುದು ಅಲ್ಲಿ ಎರಡನೇ ಕೆಲಸ.

ನೀರು ತುಂಬಿಸಿದರೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬರಲ್ವಾ ಅಂತ ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಿರಬಹುದು. ಬರುತ್ತದೆ. ಆದರೆ ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷದಲ್ಲಿ ಕರಗುತ್ತದೆ. ಒಣ ಪೀಟಿನಿಂದ ಹೋಗುವ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ, ವರ್ಷವರ್ಷ ಸೇರುತ್ತಲೇ ಹೋಗುತ್ತದೆ. ಅದಕ್ಕೇ ಪೀಟಿನ ಮಟ್ಟಿಗೆ ಲೆಕ್ಕ ನೀರಿನ ಕಡೆಗೇ ವಾಲುತ್ತದೆ.

ಇಲ್ಲಿಗೆ ಬಂದಾಗ ತುಂಬಾ ಜನ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಜೌಗು ಅಂದರೆ ಒಳ್ಳೇದು, ನೀರು ಜಾಸ್ತಿ ಅಂದರೆ ಇನ್ನೂ ಒಳ್ಳೇದು ಅಂತ. ಮಣಿಪುರದ ಲೋಕ್ತಕ್ ಸರೋವರ ನೋಡಿ. ಅಲ್ಲಿ ಸತ್ತ ಗಿಡ, ಬೇರು, ಮಣ್ಣು ಹೆಣೆದುಕೊಂಡ ದಪ್ಪ ಚಾಪೆಗಳು ನೀರ ಮೇಲೆ ತೇಲುತ್ತವೆ. ಫುಮ್ಡಿ ಅನ್ನುತ್ತಾರೆ. ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದಲ್ಲಿ ಸಂಗಾಯ್ ಜಿಂಕೆಗಳು ಬದುಕುವುದು ಆ ಚಾಪೆಯ ಮೇಲೆ. ಮೊದಲು ಬೇಸಿಗೆಯಲ್ಲಿ ನೀರು ಇಳಿದು ಚಾಪೆ ತಳ ಮುಟ್ಟುತ್ತಿತ್ತು. ಬೇರುಗಳು ತಳದ ಮಣ್ಣಿನ ಸಾರ ಹೀರಿ ದಪ್ಪ ಆಗುತ್ತಿದ್ದವು. 1983ರಲ್ಲಿ ಇಥಾಯ್ ಬ್ಯಾರೇಜ್ ಬಂದ ಮೇಲೆ ನೀರು ವರ್ಷವಿಡೀ ಮೇಲೇ ನಿಂತಿತು. ಚಾಪೆ ತಳ ಮುಟ್ಟುವುದು ನಿಂತು ತೆಳುವಾಗುತ್ತಾ ಬಂತು. ಜೌಗಿಗೂ ತನ್ನದೇ ಆದ ಬೇಸಿಗೆ ಇರುತ್ತದೆ. ಅದನ್ನು ಕಸಿದರೆ ಜೌಗೂ ಹಾಳು.

ಕೇರಳದ ಕುಟ್ಟನಾಡಿನ ಕರಿನೆಲ ಇನ್ನೊಂದು ಥರ. ಅಲ್ಲಿ ಕಪ್ಪು ಮಣ್ಣಿನೊಳಗೆ ಹಳೇ ಮರದ ತುಂಡುಗಳು ಹೂತಿವೆ, ಜೊತೆಗೆ ಗಂಧಕದ ಖನಿಜ ಇದೆ. ನೆಲ ಒಣಗಿಸಿ ಗಾಳಿ ತಾಗಿಸಿದರೆ ಆ ಗಂಧಕ ಆಮ್ಲವಾಗಿ ಬೆಳೆಯನ್ನು ಸುಡುತ್ತದೆ. ಅಲ್ಲಿಯ ರೈತರು ನೀರು ನಿಲ್ಲಿಸಿ, ತೊಳೆದು, ತೆಗೆದು, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ಎಂಬ ಪೀಟ್ ಸೀಮೆಯಲ್ಲಿ ಲೋಕ್ತಕ್‌ಗೆ ವಿರುದ್ಧದ ತಪ್ಪಾಯಿತು. 1980ರ ದಶಕದಲ್ಲಿ ಖಾಲಿ ನೆಲ ಅಂತ ಪೀಟಿನ ಮೇಲೆ ಚರಂಡಿ ತೋಡಿ ಪೈನ್, ಸ್ಪ್ರೂಸ್ ಮರ ನೆಟ್ಟರು. ಮರಗಳು ನೆಲವನ್ನು ಇನ್ನಷ್ಟು ಒಣಗಿಸಿದವು. ಈಗ ಅದೇ ಮರ ಕಡಿದು ಚರಂಡಿ ಮುಚ್ಚುತ್ತಿದ್ದಾರೆ. ಉಳಿದ ಆ ಜೌಗಿಗೆ 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ನಮ್ಮ ನೀಲಗಿರಿ ಬೆಟ್ಟದ ಹುಲ್ಲುಗಾವಲಿನ ತಗ್ಗುಗಳಲ್ಲೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಆ ಪೀಟನ್ನು ಓದಿಯೇ ದಕ್ಷಿಣ ಭಾರತದ 20,000 ವರ್ಷಗಳ ಹವೆಯ ಕಥೆ ಹೇಳಿದರು. ಅಂಥ ತಗ್ಗಿಗೆ ಚರಂಡಿ ತೋಡಿ ತರಕಾರಿ ಮಡಿ ಮಾಡುವುದೆಂದರೆ ನನ್ನ ಎದೆ ಝಲ್ಲೆನ್ನುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಕೆಟ್ಟ ನೆಲ ಎದುರಿಗೆ ಇದ್ದಾಗ ಏನು ನೆಡಲಿ, ಏನು ಕಟ್ಟಲಿ ಅಂತ ಕೇಳಬೇಡಿ. ಕೆಡುವ ಮುಂಚೆ ಈ ನೆಲದಲ್ಲಿ ನೀರು ಎಲ್ಲಿತ್ತು ಅಂತ ಕೇಳಿ.

ಈಗ ನಿಮ್ಮ ಸುರಪುರದ ಹೊಲಕ್ಕೆ ಬರೋಣ. ನಿಮ್ಮ ಮಣ್ಣೂ ಕಪ್ಪು, ಆದರೆ ಅದು ಪೀಟಿನ ಕಪ್ಪಲ್ಲ. ಎರೆಯಲ್ಲಿ ಸಾಮಾನ್ಯವಾಗಿ ಸಾವಯವ ಇಂಗಾಲ ನೂರಕ್ಕೆ ಒಂದು ಪಾಲೂ ಇರಲ್ಲ. ಅದು ಜಿಗುಟು ಜೇಡಿ. ಒಣಗಿದರೆ ಕೈ ಹೋಗುವಷ್ಟು ಬಿರುಕು, ಹಸಿಯಾದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಒಳಗೆ ಇಳಿಯುವುದು ಬಹಳ ನಿಧಾನ. ಇಂಥ ನೆಲದಲ್ಲಿ ಅಜ್ಜನ ಕಾಲದಲ್ಲಿ ನೀರು ಎಲ್ಲಿತ್ತು? ಬಾವಿಯ ತಳದಲ್ಲಿತ್ತು. ಹಿಂಗಾರಿ ಜೋಳ ಮಣ್ಣಿನ ಹಸಿಯಲ್ಲೇ ಬೆಳೆಯುತ್ತಿತ್ತು. 1982ರಲ್ಲಿ ನಾರಾಯಣಪುರದಲ್ಲಿ ಬಸವಸಾಗರ ಆಯಿತು, ಎಡದಂಡೆ ಕಾಲುವೆ ಬಂತು. ಅದರಿಂದ ಸುರಪುರ, ಶಹಾಪುರ ಸೀಮೆಯ ಬದುಕು ಬದಲಾಯಿತು. ಅದನ್ನು ನಾನು ಕಡೆಗಣಿಸಲ್ಲ. ಆದರೆ ಕಾಲುವೆ ಯೋಜಿಸಿದ್ದು ಹಗುರ ನೀರಾವರಿಯ ಬೆಳೆಗಳಿಗೆ. ಎರೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಭತ್ತ ಬೆಳೆದಾಗ ಕೆಳಗಿನ ನೀರು ಏರುತ್ತಾ ಬಂತು. ಕಾಲುವೆಯ ಸೋರಿಕೆಯೂ ಸೇರಿತು. ನೀರು ನೆಲಮಟ್ಟದಿಂದ ಒಂದೂವರೆ, ಎರಡು ಮೀಟರಿನೊಳಗೆ ಬಂದರೆ ಸಾಕು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನಮ್ಮ ಬಿಸಿಲಿಗೆ ನೀರು ಹಾರುತ್ತದೆ, ಉಪ್ಪು ಉಳಿಯುತ್ತದೆ. ನೀವು ಬೇಸಿಗೆಯಲ್ಲಿ ನೋಡುವ ಬಿಳಿ ಪದರ ಅದೇ.

ಅಂದರೆ ಪೀಟ್ ಕೆಟ್ಟದ್ದು ನೀರು ಹೋಗಿ, ನಿಮ್ಮ ಹೊಲ ಕೆಟ್ಟದ್ದು ನೀರು ಬಂದು. ಇದನ್ನು ನೀರಿಗೇ ಬಿಟ್ಟರೆ ಇಂಗಾಲ ಉಳಿಯಲ್ಲ, ಯಾಕೆಂದರೆ ಉಳಿಸಲು ಅಲ್ಲಿ ಪೀಟೇ ಇಲ್ಲ. ಮೀಥೇನ್ ಮಾತ್ರ ಬರುತ್ತದೆ. ಉಪ್ಪು ವರ್ಷ ವರ್ಷ ಹೆಚ್ಚಾಗುತ್ತದೆ. ಉಳಿದ ನಿಮ್ಮ ಮೂರು ಎಕರೆಗೂ, ಬದುವಿನ ಆಚೆಯವರ ಹೊಲಕ್ಕೂ ಹಬ್ಬುತ್ತದೆ. ಆಪು ಬೆಳೆದರೂ ಅದನ್ನು ಕೊಳ್ಳುವವರು ನಮ್ಮ ಕಡೆ ಇಲ್ಲ. ನಿಮ್ಮ ತಾಲ್ಲೂಕಿನಲ್ಲೇ ಬೋನಾಳ ಪಕ್ಷಿಧಾಮ ಇದೆ. ಹಕ್ಕಿಗಳಿಗೆ ಜೌಗು ಬೇಕು ಅನ್ನುವ ಮನಸ್ಸು ಇದ್ದರೆ ಆ ಕೆರೆ ಕಾಯುವ ಕೆಲಸಕ್ಕೆ ಕೈಜೋಡಿಸಿ. ಅದು ಕೆರೆಯಾಗಿಯೇ ಇದ್ದ ಜಾಗ. ನಿಮ್ಮದು ಜೋಳದ ಹೊಲವಾಗಿದ್ದ ಜಾಗ.

ಮೊದಲ ಕೆಲಸ ಪರೀಕ್ಷೆ. ಸವಳು ಅಂತ ಒಂದೇ ಹೆಸರಿನಲ್ಲಿ ಎರಡು ರೋಗ ಇವೆ. ಬಿಳಿ ಉಪ್ಪು ಮಾತ್ರ ಇದ್ದು, ಮಣ್ಣಿನ ರಸಸಾರ (ಪಿಎಚ್) 8.5ಕ್ಕಿಂತ ಕಡಿಮೆ, ವಿದ್ಯುತ್ ವಾಹಕತೆ 4ಕ್ಕಿಂತ ಜಾಸ್ತಿ ಬಂದರೆ ಅದು ಲವಣದ ನೆಲ. ತೊಳೆದರೆ ಹೋಗುತ್ತದೆ. ರಸಸಾರ 8.5 ದಾಟಿ, ಸೋಡಿಯಂ ಪಾಲು ಜಾಸ್ತಿ ಇದ್ದರೆ ಅದು ಕ್ಷಾರದ ನೆಲ. ಮಣ್ಣು ಕಣಕಣವಾಗಿ ಬಿಡಿಸಿಕೊಂಡು ರಂಧ್ರ ಮುಚ್ಚಿರುತ್ತದೆ, ಮೇಲೆ ಕೆಲವೊಮ್ಮೆ ಎಣ್ಣೆ ಚೆಲ್ಲಿದಂತೆ ಕಪ್ಪು ಕಲೆ ಕಾಣುತ್ತದೆ. ಅದಕ್ಕೆ ಜಿಪ್ಸಂ ಬೇಕು. ಎರೆ ಮಣ್ಣಿಗೆ ಸ್ವಲ್ಪ ಸೋಡಿಯಂ ಕೂಡ ಜಾಸ್ತಿ ಕೇಡು ಮಾಡುತ್ತದೆ. ಅದಕ್ಕೇ ಕಣ್ಣಳತೆ ಸಾಲದು. ಮಣ್ಣನ್ನು ಮೇಲಿನ ಅರ್ಧ ಅಡಿಯಿಂದ ಮಾತ್ರ ತೆಗೆಯಬೇಡಿ. 15, 30, 60, 90 ಸೆಂಟಿಮೀಟರ್ ಹೀಗೆ ಪದರ ಪದರವಾಗಿ ತೆಗೆದು, ಚೀಲಕ್ಕೆ ಹೆಸರು ಬರೆದು ಕಟ್ಟಿ. ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜೂ ಇದೆ, ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯೂ ಇದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರ ಎರಡು ಎಕರೆಗೆ ಜಿಪ್ಸಂ ಹಾಕಿಸಿದ್ದೆ. ಪರೀಕ್ಷೆ ಸರಿ ಇತ್ತು, ಲೆಕ್ಕ ಸರಿ ಇತ್ತು. ಎರಡು ವರ್ಷ ಕಾದರೂ ನೆಲ ಹಾಗೇ ಇತ್ತು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನಿಂದ ಸೋಡಿಯಂ ಬಿಡಿಸುತ್ತದೆ, ನಿಜ. ಬಿಡಿಸಿದ ಸೋಡಿಯಂ ಹೊರಗೆ ಹೋಗಲು ದಾರಿ ಬೇಕಲ್ಲ? ಆ ಹೊಲಕ್ಕೆ ಬಸಿಗಾಲುವೆ ಇರಲಿಲ್ಲ. ಸೋಡಿಯಂ ಅಲ್ಲೇ ಸುತ್ತಿ ಮತ್ತೆ ಮೇಲೆ ಬಂತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆ ದುಡ್ಡು ಅವರ ಮನೆಯಲ್ಲಿ ಯಾವ ಕೆಲಸಕ್ಕೆ ಇಟ್ಟದ್ದೋ ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ. ಇಂಡೋನೇಷ್ಯಾದವರು ನೀರು ಮೊದಲು, ಗಿಡ ಆಮೇಲೆ ಅಂತ ಹೇಳುವುದನ್ನು ಓದಿದಾಗ ನನಗೆ ನೆನಪಾಗುವುದು ಆ ಎರಡು ಎಕರೆ.

ಹಾಗಾಗಿ ನಿಮಗೂ ಮೊದಲು ಬಸಿಗಾಲುವೆ. ತಗ್ಗಿನ ಕಡೆಗೆ ಆಳದ ತೆರೆದ ಕಾಲುವೆ ತೋಡಿ ಹಳ್ಳಕ್ಕೆ ಜೋಡಿಸಲು ಆಗುತ್ತದಾ ನೋಡಿ. ತೆರೆದ ಕಾಲುವೆ ಅಗ್ಗ, ಆದರೆ ಎರೆಯಲ್ಲಿ ದಂಡೆ ಕುಸಿಯುತ್ತದೆ, ಆಪು ತುಂಬುತ್ತದೆ, ವರ್ಷವರ್ಷ ಕೆಲಸ ಬೇಡುತ್ತದೆ. ಇನ್ನೊಂದು ದಾರಿ ನೆಲದೊಳಗೆ ತೂತಿನ ಪಿವಿಸಿ ಕೊಳವೆ ಹೂಳುವುದು. ಒಂದರಿಂದ ಒಂದೂವರೆ ಮೀಟರ್ ಆಳ, ಕೊಳವೆಗೆ ಸೋಸುವ ಬಟ್ಟೆ ಸುತ್ತಿರಬೇಕು. ಎರೆಯಲ್ಲಿ ಸಾಲುಗಳು ಹತ್ತಿರ ಇರಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ತುಂಗಭದ್ರಾ ಸೀಮೆಯಲ್ಲಿ ಈ ಕೆಲಸವನ್ನು ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಅಪ್ಪನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಕೊಳವೆ ಹೂತ ಹೊಲವನ್ನು ಅವರು ಕಣ್ಣಾರೆ ನೋಡಬೇಕು.

ಒಬ್ಬರ ಮೂರು ಎಕರೆಗೆ ಕೊಳವೆ ಹಾಕಿದರೆ ಖರ್ಚು ಜಾಸ್ತಿ, ಉಪಯೋಗ ಕಡಿಮೆ. ಮೇಲಿನವರ ಗದ್ದೆ ನೀರು ನಿಮ್ಮ ಹೊಲಕ್ಕೆ ಇಳಿಯುತ್ತಲೇ ಇರುತ್ತದೆ. ಅಕ್ಕಪಕ್ಕದ ಹತ್ತು ಹದಿನೈದು ಮನೆಯವರು ಸೇರಿ ಕಾಡಾಕ್ಕೆ ಅರ್ಜಿ ಕೊಡುವುದು ಸರಿ. ಬಸಿದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಅದು ಉಪ್ಪುನೀರು. ಕುಡಿಯುವ ಬಾವಿಗೆ, ಕೆರೆಗೆ ಸೇರಬಾರದು. ನಮ್ಮ ರೋಗ ಕೆಳಗಿನೂರಿಗೆ ದಾಟಿಸಿದರೆ ಅದು ಮದ್ದಲ್ಲ.

ಬಸಿಯುವ ದಾರಿ ಆದ ಮೇಲೆ ಮಳೆಗಾಲದಲ್ಲಿ ಬದು ಗಟ್ಟಿ ಮಾಡಿ ಮಳೆನೀರು ನಿಲ್ಲಿಸಿ. ಹೌದು, ಇಲ್ಲಿ ನೀರು ನಿಲ್ಲಿಸಬೇಕು, ಆದರೆ ತೊಳೆಯುವುದಕ್ಕೆ. ಉಪ್ಪು ಕರಗಿ ಕೊಳವೆಯಲ್ಲಿ ಹೋಗುತ್ತದೆ. ಜಿಪ್ಸಂ ಬೇಕು ಅಂತ ಪರೀಕ್ಷೆ ಹೇಳಿದರೆ ಈ ಮಳೆಗೆ ಮುಂಚೆ ಹಾಕಿ. ಡಯಾಂಚಾ ಎಂಬ ಹಸಿರುಗೊಬ್ಬರದ ಗಿಡ ಬಿತ್ತಿ 45–50 ದಿನಕ್ಕೆ ಮಣ್ಣಿಗೆ ಸೇರಿಸಿ. ಅದು ಸವಳನ್ನು ತಾಳಿಕೊಳ್ಳುತ್ತದೆ, ಜಿಗುಟು ಮಣ್ಣಿಗೆ ಉಸಿರು ಕೊಡುತ್ತದೆ. ಮೊದಲ ವರ್ಷಗಳಲ್ಲಿ ಹತ್ತಿ, ಜೋಳ, ಕುಸುಬೆ. ಇವು ಉಪ್ಪನ್ನು ಒಂದಷ್ಟು ತಾಳಿಕೊಳ್ಳುತ್ತವೆ. ತೊಗರಿ, ಕಡಲೆ, ಹೆಸರು ಈಗಲೇ ಬೇಡ, ಅವಕ್ಕೆ ಉಪ್ಪು ಆಗದು. ಮೇಲಿನ ಮೂರು ಎಕರೆಯಲ್ಲಿ ಭತ್ತ ನಿಲ್ಲಿಸಲು ಅಪ್ಪನನ್ನು ಒಪ್ಪಿಸಿ. ಇದು ಕಷ್ಟ, ನನಗೆ ಗೊತ್ತು. ಭತ್ತ ಅಂದರೆ ಮನೆಗೆ ಅನ್ನ, ಕೈಗೆ ಖಾತ್ರಿ ದುಡ್ಡು. ಆದರೆ ಇಲ್ಲಿ ಮೂರು ಎಕರೆ ಬಸಿದು ಅಲ್ಲಿ ಮೂರು ಎಕರೆ ತುಂಬಿಸುತ್ತಾ ಕೂತರೆ ಮುಗಿಯುವುದಿಲ್ಲ.

ಕಾಲುವೆ ಪಕ್ಕಕ್ಕೆ ಹೊಂಗೆ, ಕರಿಜಾಲಿ, ನೀಲಗಿರಿ ಸಾಲು ನೆಡಬಹುದು. ಹರಿಯಾಣದಲ್ಲಿ ಜವಳು ನೆಲದ ನೀರು ಇಳಿಸಲು ನೀಲಗಿರಿ ಸಾಲು ನೆಟ್ಟು ನೋಡಿದ್ದಾರೆ. ಫ್ಲೋ ಕಂಟ್ರಿಯಲ್ಲಿ ಮರ ನೀರು ಹೀರಿದ್ದು ಕೇಡಾಯಿತು. ನಿಮ್ಮಲ್ಲಿ ಅದೇ ಹೀರುವಿಕೆ ಬೇಕಾದ ಕೆಲಸ. ಸೋರುವ ಕಡೆ ಒಂದೆರಡು ಸಾಲು ಸಾಕು, ಹೊಲ ಪೂರ್ತಿ ನೆಡಬೇಡಿ. ಮರ ನೀರು ಹೀರುತ್ತದೆ, ಉಪ್ಪನ್ನು ಬೇರಿನ ಹತ್ತಿರವೇ ಬಿಡುತ್ತದೆ.

ಅಪ್ಪನ ಗರಸಿನ ಮಾತು. ಮನೆ ಕಟ್ಟುವ ಜಾಗ ಆಗಿದ್ದರೆ ಹೂಂ ಅನ್ನುತ್ತಿದ್ದೆ. ಹೊಲಕ್ಕೆ ಬೇಡ. ಗರಸು ಹೊಡೆಸಿದರೆ ಎರೆಯನ್ನು ಹೂತ ಹಾಗೆ. ಕೆಳಗಿನ ನೀರು ಹಾಗೇ ಇರುತ್ತದೆ, ಮೇಲಿನ ನೀರು ಪಕ್ಕದವರ ಹೊಲಕ್ಕೆ ಹರಿಯುತ್ತದೆ, ಜಗಳ ಮನೆಬಾಗಿಲಿಗೆ ಬರುತ್ತದೆ.

ಕಾಕಾನ ಸೋಲಾರ್ ಬಗ್ಗೆ ನನಗೆ ಅಷ್ಟು ವಿರೋಧ ಇಲ್ಲ. ಆದರೆ ಈಗಲೇ ಬೇಡ. ಲೀಸ್ ಅಂದರೆ ಇಪ್ಪತ್ತೈದು ಮೂವತ್ತು ವರ್ಷದ ಮಾತು. ಉಬ್ಬಿ ಕುಗ್ಗುವ ಎರೆಯಲ್ಲಿ ಕಂಬ ಗಟ್ಟಿ ನಿಲ್ಲುವುದು ಕಷ್ಟ, ಉಪ್ಪು ಕಬ್ಬಿಣ ತಿನ್ನುತ್ತದೆ. ಪ್ಯಾನೆಲ್ ಕೆಳಗೆ ಸವಳು ಹಬ್ಬುತ್ತಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಪರೀಕ್ಷೆ ಆದ ಮೇಲೆ, ಬಸಿಯಲು ಹಳ್ಳದ ಕಡೆ ಇಳಿಜಾರೇ ಇಲ್ಲ ಅಂತ ಗೊತ್ತಾದರೆ ಮಾತ್ರ ಅತಿ ತಗ್ಗಿನ ತುಂಡಿಗೆ ಅದನ್ನು ಯೋಚಿಸಿ. ಮೇಲಿನ ಮೂರು ಎಕರೆಯನ್ನು ಯಾವ ಕಾರಣಕ್ಕೂ ಅದಕ್ಕೆ ಸೇರಿಸಬೇಡಿ.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಹೊಲದ ಮೂರು ಕಡೆ, ಮೇಲೆ, ನಡುವೆ, ತಗ್ಗಿನಲ್ಲಿ, ಎರಡು ಮೀಟರ್ ಆಳ ತೂತು ಕೊರೆಸಿ, ಅದರಲ್ಲಿ ತೂತಿನ ಪಿವಿಸಿ ಕೊಳವೆ ಇಳಿಸಿ, ಬಾಯಿಗೆ ಮುಚ್ಚಳ ಹಾಕಿ. ತಿಂಗಳಿಗೊಮ್ಮೆ ಅಪ್ಪ ಒಂದು ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಲಿ. ಕಾಲುವೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನವನ್ನೂ ಬರೆಯಲಿ. ಅಜ್ಜ ಇದ್ದರೆ, ಕಾಲುವೆ ಬರುವ ಮುಂಚೆ ಬಾವಿಯಲ್ಲಿ ನೀರು ಎಷ್ಟು ಆಳುದ್ದ ಕೆಳಗಿತ್ತು, ಆ ತಗ್ಗಿನಲ್ಲಿ ಮಳೆನೀರು ಯಾವ ಕಡೆಗೆ ಹರಿದು ಹೋಗುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಎಷ್ಟೋ ಹೊಲಗಳಲ್ಲಿ ಹಳೇ ಹಳ್ಳದ ದಾರಿಯನ್ನೇ ಯಾರೋ ಉತ್ತು ಮುಚ್ಚಿರುತ್ತಾರೆ. ಆ ಮೂರು ಅಳತೆ, ಮಣ್ಣಿನ ವರದಿ, ಅಜ್ಜನ ಮಾತು, ಇಷ್ಟನ್ನು ನನಗೆ ಕಳಿಸಿ. ಬಸಿಗಾಲುವೆ ಯಾವ ಕಡೆಗೆ ಇಳಿಸಬೇಕು ಅಂತ ಕೂತು ನೋಡೋಣ.